ತಿಗರಿ ಯಾಕೆ ಒದರುತ್ತದೆ? ಮೋಟರಿಗೆ ಸ್ವಿಚಿಂಗ್ ಫ್ರೀಕ್ವೆನ್ಸಿ ಆರಿಸುವ ಬಗೆ

ಧಾರವಾಡದಲ್ಲಿ ನನ್ನದೊಂದು ಚಿಕ್ಕ ರಿಪೇರಿ ಅಂಗಡಿ. ಹೋದ ಮಳೆಗಾಲದಲ್ಲಿ ಕುಂಬಾರಿಕೆ ಮಾಡುವ ಹಿರಿಯರೊಬ್ಬರು ತಮ್ಮ ಕರೆಂಟ್ ತಿಗರಿಯನ್ನು ಟಂಟಂನಲ್ಲಿ ಹಾಕಿಕೊಂಡು ಬಂದರು. ಇ-ಸ್ಕೂಟರಿಗೆ ಹಾಕುವಂಥ 24 ವೋಲ್ಟ್, 250 ವ್ಯಾಟಿನ ಬ್ರಶ್ ಮೋಟರು, ಬೆಲ್ಟು, ಮೇಲೊಂದು ಕಬ್ಬಿಣದ ತಟ್ಟೆ. ಸ್ಪೀಡ್ ಕಂಟ್ರೋಲರ್ ಮಾಡಿಕೊಟ್ಟವನು ಇಂಜಿನಿಯರಿಂಗ್ ಓದುವ ಅವರ ಅಳಿಯ. ಒಂದು ಆರ್ಡುಯಿನೊ ಊನೊ (ಪ್ರೋಗ್ರಾಂ ಹಾಕುವ ಪುಟ್ಟ ಕಂಪ್ಯೂಟರ್ ಬೋರ್ಡು), ಒಂದು ಮಾಸ್ಫೆಟ್ (ಕರೆಂಟನ್ನು ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್ಚು), ಒಂದು ತಿರುಗಿಸುವ ಗುಂಡಿ. ಕೆಲಸ ನೀಟಾಗಿಯೇ ಇತ್ತು.

"ಇದು ಯಾಕ ಹಿಂಗ ಒದರಾಕತ್ತೈತ್ರಿ? ಮತ್ತ ಮಣ್ಣಿನ ಮ್ಯಾಲೆ ಕೈ ಒತ್ತಿದ್ರ ಸಾಕು, ಸುಸ್ತಾಗಿ ನಿಂತ್ಬಿಡತೈತಿ" ಅಂದರು.

ಎರಡು ದೂರು. ಎರಡಕ್ಕೂ ಕಾರಣ ಒಂದೇ, ಸ್ವಿಚಿಂಗ್ ಫ್ರೀಕ್ವೆನ್ಸಿ. ಅದನ್ನು ಯಾರೂ ಆರಿಸಿರಲಿಲ್ಲ. ಆರ್ಡುಯಿನೊ ತಾನಾಗಿ ಕೊಟ್ಟಿದ್ದು ಎಷ್ಟೋ ಅಷ್ಟೇ ಇತ್ತು.

ನಮ್ಮ ಮನೆ ಅಂಗಡಿಯ ಹಿಂದೆಯೇ ಇದೆ. ಸಂಜೆ ಹೊತ್ತು ನನ್ನ ಹೆಂಡತಿ ಹಾರ್ಮೋನಿಯಂ ಹಿಡಿದು ರಿಯಾಜ್‌ಗೆ ಕೂರುತ್ತಾಳೆ. ನಾನು ತಿಗರಿ ಚಾಲೂ ಮಾಡಿದಾಗ ಒಳಗಿನಿಂದಲೇ ಕೂಗಿ ಹೇಳಿದಳು, "ಅದು ಬಿಳಿ ಏಳರಾಗ ಹಾಡಾಕತ್ತೈತಿ ನೋಡ್ರಿ." ಲೆಕ್ಕ ಹಾಕಿದರೆ ಸರಿಯಾಗಿಯೇ ಇತ್ತು. ಹಾರ್ಮೋನಿಯಂನ ಆ ಮನೆ ಸುಮಾರು 494 ಹರ್ಟ್ಸ್. ಊನೊದ 9ನೇ ಪಿನ್ನಿನಲ್ಲಿ ಪಿಡಬ್ಲ್ಯುಎಂ, ಅಂದರೆ ಮಾಸ್ಫೆಟ್ಟನ್ನು ಆನ್-ಆಫ್ ಮಾಡಿಸುವ ಸಿಗ್ನಲ್, ಬರುವುದು 490 ಹರ್ಟ್ಸ್‌ನಲ್ಲಿ. ಮೀಟರ್ ಹಚ್ಚುವ ಮೊದಲೇ ರೋಗ ಗೊತ್ತಾಯಿತು.

ಮುಂದೆ ಹೋಗುವ ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಇಲ್ಲಿ ಮೋಟರಿನ ಸ್ಪೀಡನ್ನು ಹೆಚ್ಚು ಕಡಿಮೆ ಮಾಡುವುದು ಫ್ರೀಕ್ವೆನ್ಸಿ ಅಲ್ಲ, ಡ್ಯೂಟಿ. ಅಂದರೆ ಒಂದು ಆನ್-ಆಫ್ ಸುತ್ತಿನಲ್ಲಿ ಸ್ವಿಚ್ ಎಷ್ಟು ಹೊತ್ತು ಆನ್ ಇರುತ್ತದೆ ಅನ್ನುವ ಪಾಲು. ಅರ್ಧ ಹೊತ್ತು ಆನ್ ಇದ್ದರೆ 24ರಲ್ಲಿ 12 ವೋಲ್ಟ್ ಕೊಟ್ಟ ಹಾಗೆ. ಆ ಆನ್-ಆಫ್ ಆಟ ಸೆಕೆಂಡಿಗೆ ಎಷ್ಟು ಸಲ ನಡೆಯಬೇಕು ಅನ್ನುವುದೇ ಫ್ರೀಕ್ವೆನ್ಸಿ. "ಫ್ರೀಕ್ವೆನ್ಸಿ ಏರಿಸಿದರೆ ಮೋಟರ್ ಜೋರಾಗಿ ಓಡುತ್ತಾ ಸರ್?" ಅಂತ ವಾರಕ್ಕೊಬ್ಬರಾದರೂ ಕೇಳುತ್ತಾರೆ. ಇಲ್ಲ, ಓಡಲ್ಲ.

ಸರಿಯಾದ ನಂಬರ್ ಯಾವುದು ಅಂತ ಕೇಳಿದರೆ ನನ್ನ ಉತ್ತರ ಯಾವಾಗಲೂ ಒಂದೇ. ಎರಡು ಗೋಡೆ ಇವೆ. ಕೆಳಗಿನ ಗೋಡೆ ಕಟ್ಟುವುದು ಮೋಟರು, ಮೇಲಿನ ಗೋಡೆ ಕಟ್ಟುವುದು ಸ್ವಿಚ್ಚು. ನಡುವೆ ಜಾಗ ಎಷ್ಟಿದೆ ಅಂತ ಮೊದಲು ಅಳೆಯಿರಿ, ಆಮೇಲೆ ಅಲ್ಲಿ ಹೋಗಿ ಕೂತುಕೊಳ್ಳಿ.

ಕೆಳಗಿನ ಗೋಡೆಯಿಂದ ಶುರು ಮಾಡೋಣ. ಹಿರಿಯರಿಗೆ ನಾನು ಹೇಳಿದ್ದು ಅವರದೇ ಹಳೆಯ ತಿಗರಿಯ ಉದಾಹರಣೆ. ಮೊದಲೆಲ್ಲ ಭಾರದ ಚಕ್ರಕ್ಕೆ ಕೋಲು ಸಿಕ್ಕಿಸಿ ಜೋರಾಗಿ ತಿರುವುತ್ತಿದ್ದರು. ಕೋಲು ತೆಗೆದ ಮೇಲೂ ಚಕ್ರ ತನ್ನ ಭಾರದಿಂದಲೇ ತಿರುಗುತ್ತಿತ್ತು. ಮೋಟರಿನೊಳಗಿನ ಕರೆಂಟಿಗೂ ಹಾಗೇ ಒಂದು ಭಾರ ಇದೆ, ಅದೇ ಇಂಡಕ್ಟನ್ಸ್. ಸ್ವಿಚ್ ಆಫ್ ಆದರೂ ಕರೆಂಟು ತಟ್ಟನೆ ನಿಲ್ಲುವುದಿಲ್ಲ, ಮೋಟರಿಗೆ ಅಡ್ಡ ಹಾಕಿದ ಡಯೋಡಿನ ದಾರಿಯಲ್ಲಿ ಹರಿಯುತ್ತಾ ನಿಧಾನಕ್ಕೆ ಇಳಿಯುತ್ತದೆ. ಮುಂದಿನ ಏಟು ಬರುವಷ್ಟರಲ್ಲಿ ಅದು ಸೊನ್ನೆಗೆ ಇಳಿದುಬಿಟ್ಟರೆ ಕಷ್ಟ ಅಲ್ಲಿಂದ ಶುರು. ಕರೆಂಟ್ ಬಂತು, ಹೋಯಿತು, ಬಂತು, ಹೋಯಿತು. ಹಾಗೆ ತುಂಡು ತುಂಡಾದಾಗ ಮೋಟರು ಖಾಲಿ ಓಡುವಾಗ ಬೇಕಾದ್ದಕ್ಕಿಂತ ಜೋರಾಗಿ ಓಡುತ್ತದೆ, ಭಾರ ಬಿದ್ದ ಕೂಡಲೇ ಸ್ಪೀಡು ಕುಸಿಯುತ್ತದೆ. ಹಿರಿಯರು ಮಣ್ಣನ್ನು ನಡುವಿಗೆ ತರಲು ಎರಡೂ ಕೈಯಿಂದ ಒತ್ತಿದಾಗ ಆಗುತ್ತಿದ್ದದ್ದು ಅದೇ. ಕರೆಂಟು ಕಡಿಯದೆ ಹರಿಯುತ್ತಿದ್ದರೆ ಮೋಟರಿಗೆ ಸಿಗುವ ವೋಲ್ಟೇಜು ಡ್ಯೂಟಿ ಹೇಳಿದಷ್ಟೇ ಇರುತ್ತದೆ. ಕೈ ಒತ್ತಿದರೂ ಸ್ಪೀಡು ಅಷ್ಟಾಗಿ ಬೀಳುವುದಿಲ್ಲ.

ಇದನ್ನು ನಂಬರಿಗೆ ಇಳಿಸಲು ಮೋಟರಿನ ಇಂಡಕ್ಟನ್ಸ್ ಬೇಕು. ಚಿಕ್ಕ ಎಲ್‌ಸಿಆರ್ ಮೀಟರ್ ಇದ್ದರೆ 1 ಕಿಲೋಹರ್ಟ್ಸ್‌ಗೆ ಇಟ್ಟು ಮೋಟರಿನ ಎರಡು ವೈರಿಗೆ ಹಚ್ಚಿ. ಶಾಫ್ಟನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕೈದು ಕಡೆ ಓದಿಕೊಳ್ಳಿ, ಬ್ರಶ್ ಕೂತ ಜಾಗದ ಮೇಲೆ ಅಳತೆ ಬದಲಾಗುತ್ತದೆ. ಅದರಲ್ಲಿ ಕಡಿಮೆ ಬಂದದ್ದನ್ನೇ ಹಿಡಿಯಿರಿ. ಈ ಮೋಟರಿನಲ್ಲಿ ನನಗೆ ಸಿಕ್ಕಿದ್ದು 0.5 ಮಿಲಿಹೆನ್ರಿ. ರೆಸಿಸ್ಟೆನ್ಸನ್ನು ಸಾದಾ ಮಲ್ಟಿಮೀಟರಿನಲ್ಲಿ ಅಳೆಯಬೇಡಿ, ಬ್ರಶ್ಶಿನ ಮೇಲಿನ ಕೊಳೆಯೇ ಒಂದು ಓಮ್ ತೋರಿಸೀತು. ಶಾಫ್ಟ್ ಬಿಗಿಯಾಗಿ ಹಿಡಿದು, ಬೆಂಚ್ ಸಪ್ಲೈನಿಂದ 2 ಆಂಪ್ಸ್ ಹರಿಸಿ, ಮೋಟರಿನ ತುದಿಯಲ್ಲಿ ವೋಲ್ಟೇಜ್ ನೋಡಿ ಭಾಗಿಸಿ. ನನಗೆ ಬಂದದ್ದು ಸುಮಾರು 0.3 ಓಮ್. ಇಂಡಕ್ಟನ್ಸನ್ನು ರೆಸಿಸ್ಟೆನ್ಸಿನಿಂದ ಭಾಗಿಸಿದರೆ 1.7 ಮಿಲಿಸೆಕೆಂಡ್, ಕರೆಂಟು ಇಳಿದುಹೋಗಲು ಹಿಡಿಯುವ ಹೊತ್ತಿನ ಅಳತೆ ಅದು. 490 ಹರ್ಟ್ಸ್‌ನಲ್ಲಿ ಒಂದು ಸುತ್ತೇ 2 ಮಿಲಿಸೆಕೆಂಡ್! ಏಟಿಗೂ ಏಟಿಗೂ ನಡುವಿನ ಬಿಡುವು ಕರೆಂಟಿನ ಉಸಿರಿನಷ್ಟೇ ಉದ್ದ ಇದೆ. ಕಡಿಯದೆ ಇರುತ್ತಾ?

ಇನ್ನೊಂದು ಸೂತ್ರ ಇದೆ, ನಾನು ದಿನಾ ಬಳಸುವುದು ಅದನ್ನೇ. ಕರೆಂಟಿನ ಏರಿಳಿತ ಅತಿ ಹೆಚ್ಚು ಇರುವುದು ಅರ್ಧ ಡ್ಯೂಟಿಯಲ್ಲಿ. ಅದು ಎಷ್ಟು ಅಂದರೆ, ವೋಲ್ಟೇಜನ್ನು ನಾಲ್ಕು, ಫ್ರೀಕ್ವೆನ್ಸಿ, ಇಂಡಕ್ಟನ್ಸ್ ಈ ಮೂರರ ಗುಣಲಬ್ಧದಿಂದ ಭಾಗಿಸಿದಷ್ಟು. ನಮ್ಮ ಮೋಟರಿಗೆ 1 ಕಿಲೋಹರ್ಟ್ಸ್‌ನಲ್ಲಿ 12 ಆಂಪ್ಸ್ ಏರಿಳಿತ. 4 ಕಿಲೋಹರ್ಟ್ಸ್‌ನಲ್ಲಿ 3 ಆಂಪ್ಸ್. 20ರಲ್ಲಿ 0.6.

ಏರಿಳಿತ ಇದ್ದರೆ ಏನೀಗ ಅನ್ನಬಹುದು. ಬಿಸಿ ಆಗುತ್ತದೆ. ಮೋಟರಿನ ಬಲ ಬರುವುದು ಸರಾಸರಿ ಕರೆಂಟಿನಿಂದ, ಆದರೆ ತಂತಿ ಕಾಯುವುದು ಕರೆಂಟಿನ ವರ್ಗದಿಂದ. ಸರಾಸರಿ 6 ಆಂಪ್ಸ್ ಹರಿಯುವಾಗ ಅದರ ಮೇಲೆ 12 ಆಂಪ್ಸ್ ಏರಿಳಿತ ಕೂತರೆ ತಂತಿಯ ಬಿಸಿ ಮೂರನೇ ಒಂದು ಪಾಲು ಜಾಸ್ತಿ. ಅಷ್ಟೂ ದಂಡ, ಒಂದು ಚೂರೂ ಮಣ್ಣು ತಿರುಗಿಸಲು ಹೋಗುವುದಿಲ್ಲ. ಏರಿಳಿತ 3 ಆಂಪ್ಸ್‌ಗೆ ಇಳಿದರೆ ಈ ದಂಡ ನೂರಕ್ಕೆ ಎರಡು.

ಏರಿಳಿತ ಕೆಲಸದ ಕರೆಂಟಿನ ನೂರಕ್ಕೆ 30 ದಾಟಬಾರದು ಅಂತ ನಾನು ಇಟ್ಟುಕೊಂಡಿದ್ದೇನೆ. ಇದು ಯಾರದೋ ಕಾನೂನಲ್ಲ, ನನ್ನ ರೂಢಿ. ತಿಗರಿ ಭಾರದಲ್ಲಿ 8 ಆಂಪ್ಸ್ ಎಳೆಯುತ್ತಿತ್ತು. ಅದರ 30 ಪಾಲು ಅಂದರೆ 2.4 ಆಂಪ್ಸ್. ಸೂತ್ರವನ್ನು ತಿರುಗಿಸಿ ಹಾಕಿದರೆ 5 ಕಿಲೋಹರ್ಟ್ಸ್. ಕೆಳಗಿನ ಗೋಡೆ ಸಿಕ್ಕಿತು.

ಇದಕ್ಕೆ ಒಂದು ಅಪವಾದ ಹೇಳಲೇಬೇಕು. ಆಟಿಕೆ ರೈಲಿನ ಹವ್ಯಾಸ ಇರುವವರು ಬೇಕಂತಲೇ ನೂರಿನ್ನೂರು ಹರ್ಟ್ಸ್ ಇಡುತ್ತಾರೆ. ಕರೆಂಟಿನ ಜೋರು ಏಟುಗಳು ಗೇರಿನ ಬಿಗುವನ್ನು ಬಿಡಿಸಿ ಗಾಡಿಯನ್ನು ಇರುವೆಯ ಹಾಗೆ ತೆವಳಿಸುತ್ತವೆ. ಅವರಿಗೆ ಅದೇ ಬೇಕು. ಮಡಕೆ ಮಾಡುವವರಿಗೆ ಬೇಡ.

ಇನ್ನು ಕಿವಿಯ ಮಾತು. 5 ಕಿಲೋಹರ್ಟ್ಸ್ ಮೋಟರಿಗೆ ಸಾಕು, ಮನುಷ್ಯನಿಗೆ ಸಾಲದು. ಅಲ್ಲಿ ಅದು ಕೀಚಲು ದನಿ, 490ರ ಗುಂಯ್ ಸದ್ದೇ ವಾಸಿ ಅನಿಸುತ್ತದೆ. ನಾನು 16 ಕಿಲೋಹರ್ಟ್ಸ್ ಇಟ್ಟು, "ಈಗ ಸದ್ದಿಲ್ಲ ನೋಡ್ರಿ" ಅಂದೆ. ಹಿರಿಯರೂ ಹೂಂ ಅಂದರು. ಅವರ ಜತೆ ಬಂದಿದ್ದ ಎಂಟನೇ ಕ್ಲಾಸಿನ ಮೊಮ್ಮಗಳು ಕಿವಿ ಮುಚ್ಚಿಕೊಂಡು ನಿಂತಿದ್ದಳು. ನನಗೆ 50 ದಾಟಿದೆ, ಮೇಲಿನ ದನಿಗಳು ಕಿವಿಯಿಂದ ಹೋಗಿ ಎಷ್ಟೋ ವರ್ಷ ಆಗಿರಬೇಕು. ಅವತ್ತಿನಿಂದ ಸದ್ದಿನ ಪರೀಕ್ಷೆಗೆ ಮಕ್ಕಳನ್ನೇ ಕರೆಯುತ್ತೇನೆ. ಜನ ಕೂತು ಕೆಲಸ ಮಾಡುವ ಜಾಗವಾದರೆ 20 ಕಿಲೋಹರ್ಟ್ಸ್‌ನಿಂದ ಮೇಲೆ ಇಡಿ. ಕಂಪ್ಯೂಟರಿನ ನಾಲ್ಕು ವೈರಿನ ಫ್ಯಾನಿಗೆ 25 ಕಿಲೋಹರ್ಟ್ಸ್ ಅಂತ ಗೊತ್ತು ಮಾಡಿರುವುದೂ ಇದೇ ಲೆಕ್ಕದಲ್ಲಿ. ನಾಯಿಗೆ ಅದೂ ಕೇಳುತ್ತದೆ, ಆದರೆ ಅಂಗಡಿ ಮುಂದಿನ ನಮ್ಮ ಕರಿಯ ಇವತ್ತಿನವರೆಗೆ ತಕರಾರು ಮಾಡಿಲ್ಲ.

"ಹಾಗಾದರೆ ಸುಮ್ನೆ 31 ಕಿಲೋಹರ್ಟ್ಸ್ ಇಟ್ಟುಬಿಡೋಣ, ಊನೊದಲ್ಲಿ ಒಂದೇ ಸಾಲಿನ ಕೆಲಸ." ನಾನೂ ಹಾಗೇ ಅಂದುಕೊಂಡೆ. 9, 10ನೇ ಪಿನ್ನು ನಡೆಸುವ ಟೈಮರ್ 1ರ ಪ್ರೀಸ್ಕೇಲರ್ (ಊನೊದ ಗಡಿಯಾರದ ವೇಗವನ್ನು ಭಾಗಿಸುವ ಸಂಖ್ಯೆ) ಒಂದಕ್ಕೆ ಇಳಿಸಿದೆ. 31,372 ಹರ್ಟ್ಸ್ ಬಂತು. ತಿಗರಿ ಮೌನವಾಗಿ, ಎಷ್ಟು ಚೆಂದ ತಿರುಗಿತು ಅಂದರೆ ಚಹಾ ತರಿಸಿದೆ. ಚಹಾ ಬರುವ ಮೊದಲೇ ಸುಟ್ಟ ವಾಸನೆ ಬಂತು. ಮಾಸ್ಫೆಟ್ ಹೋಗಿತ್ತು. ಅದು ಒಳಗೆ ಶಾರ್ಟ್ ಆಗಿ ಸತ್ತಿದ್ದರಿಂದ ತಿಗರಿ ಪೂರ್ತಿ ಸ್ಪೀಡಿಗೆ ಏರಿ, ಮೇಲಿದ್ದ ಹಸಿ ಮಣ್ಣಿನ ಮುದ್ದೆ ಗೋಡೆಗೆ ಹೋಗಿ ಬಡಿಯಿತು. ಆ ಕಲೆ ಇನ್ನೂ ಇದೆ. ಮಾಸ್ಫೆಟ್ ಸತ್ತರೆ ಮೋಟರ್ ನಿಲ್ಲುವುದಿಲ್ಲ, ಓಡಿಹೋಗುತ್ತದೆ. ಅದಕ್ಕೇ ಬ್ಯಾಟರಿ ವೈರಿಗೆ ಕೈಗೆಟಕುವ ಕಡೆ ಒಂದು ಸ್ವಿಚ್ಚೂ ಒಂದು ಫ್ಯೂಸೂ ಇರಲೇಬೇಕು.

ಯಾಕೆ ಸತ್ತಿತು? ಇದೇ ಮೇಲಿನ ಗೋಡೆ. ಪೂರ್ತಿ ಆನ್ ಆಗಿರುವಾಗ ಮಾಸ್ಫೆಟ್ ತಣ್ಣಗೆ ಇರುತ್ತದೆ, ಪೂರ್ತಿ ಆಫ್ ಆಗಿರುವಾಗಲೂ ಅಷ್ಟೇ. ಆನ್‌ನಿಂದ ಆಫ್‌ಗೆ ದಾಟುವ ಆ ಒಂದು ಗಳಿಗೆಯಲ್ಲಿ ಮಾತ್ರ ಅದರ ಮೇಲೆ ವೋಲ್ಟೇಜೂ ಇರುತ್ತದೆ, ಒಳಗೆ ಕರೆಂಟೂ ಇರುತ್ತದೆ. ಹೊಸಿಲು ದಾಟುವಾಗ ಹೊಸಿಲ ಮೇಲೆ ನಿಂತ ಹಾಗೆ. ಒಮ್ಮೆ ದಾಟಿದರೆ ಪರವಾಗಿಲ್ಲ, ಸೆಕೆಂಡಿಗೆ ಮೂವತ್ತೊಂದು ಸಾವಿರ ಸಲ ಆನ್ ಆಗಿ ಆಫ್ ಆದರೆ?

ಲೆಕ್ಕ ನೋಡಿ. ಇದ್ದದ್ದು ಐಆರ್‌ಎಲ್‌ಝಡ್44ಎನ್. ಗೇಟು ಅಂದರೆ ಮಾಸ್ಫೆಟ್ಟಿಗೆ ಆನ್-ಆಫ್ ಹೇಳುವ ಕಾಲು, ಡ್ರೈನ್ ಅಂದರೆ ಮೋಟರಿನ ಕರೆಂಟು ಒಳಬರುವ ಕಾಲು. ದಾಟಬೇಕಾದರೆ ಇವೆರಡರ ನಡುವೆ ತುಂಬಬೇಕಾದ ಚಾರ್ಜ್ ಅದರ ಡೇಟಾಶೀಟಿನಲ್ಲಿ ಹೆಚ್ಚೆಂದರೆ 25 ನ್ಯಾನೊಕೂಲಂಬ್. ಅಳಿಯ ಗೇಟಿಗೆ 220 ಓಮ್ ರೆಸಿಸ್ಟರ್ ಹಾಕಿ ನೇರ ಊನೊದ ಪಿನ್ನಿಗೆ ಕೊಟ್ಟಿದ್ದ. ಪಿನ್ನಿನಿಂದ ಬರುವುದು 5 ವೋಲ್ಟ್. ದಾಟುವ ಹೊತ್ತಿಗೆ ಗೇಟು 3 ವೋಲ್ಟಿನ ಆಸುಪಾಸು ನಿಂತಿರುತ್ತದೆ. ಉಳಿದ 2 ವೋಲ್ಟು 220 ಓಮ್‌ನಲ್ಲಿ ತಳ್ಳುವುದು 9 ಮಿಲಿಆಂಪ್ಸ್ ಮಾತ್ರ. ಕೊಡಪಾನವನ್ನು ಚಮಚದಲ್ಲಿ ತುಂಬಿದ ಹಾಗೆ. ಆನ್ ಆಗಲು 2.8 ಮೈಕ್ರೊಸೆಕೆಂಡ್, ಆಫ್ ಆಗಲು 1.8. ಎರಡೂ ಸೇರಿ 4.6. ವೋಲ್ಟೇಜು, ಕರೆಂಟು, ಈ ಹೊತ್ತು ಮೂರನ್ನೂ ಗುಣಿಸಿ ಅರ್ಧ ಮಾಡಿದರೆ ಒಂದು ಸುತ್ತಿಗೆ ನಷ್ಟ 440 ಮೈಕ್ರೊಜೌಲ್. 490 ಹರ್ಟ್ಸ್‌ನಲ್ಲಿ ಅದು 0.2 ವ್ಯಾಟ್, ಲೆಕ್ಕಕ್ಕೇ ಇಲ್ಲ. 31 ಕಿಲೋಹರ್ಟ್ಸ್‌ನಲ್ಲಿ 14 ವ್ಯಾಟ್. ಬೆರಳಿನಷ್ಟು ಹೀಟ್‌ಸಿಂಕ್ ಇಟ್ಟು 14 ವ್ಯಾಟ್ ಕುಡಿಸಿದರೆ ಯಾವ ಮಾಸ್ಫೆಟ್ ಬದುಕುತ್ತದೆ?

ಆ ಹೀಟ್‌ಸಿಂಕ್ ಸುಮಾರು 4 ವ್ಯಾಟ್ ತಡೆಯುತ್ತದೆ ಅಂತ ಇಟ್ಟುಕೊಳ್ಳಿ. ಅದರಲ್ಲಿ 1.6 ವ್ಯಾಟ್ ಆನ್ ಇರುವಾಗಿನ ನಷ್ಟಕ್ಕೆ ಹೋಯಿತು, 8 ಆಂಪ್ಸ್ ಮತ್ತು 25 ಮಿಲಿಓಮ್‌ನ ಲೆಕ್ಕ. ಸ್ವಿಚಿಂಗ್‌ಗೆ ಉಳಿದದ್ದು 2.4. ಅದನ್ನು 440 ಮೈಕ್ರೊಜೌಲ್‌ನಿಂದ ಭಾಗಿಸಿದರೆ 5.4 ಕಿಲೋಹರ್ಟ್ಸ್. ಕೆಳಗಿನ ಗೋಡೆ 5, ಮೇಲಿನದು 5.4. ಉಸಿರಾಡಲು ಜಾಗ ಇಲ್ಲ, ಮತ್ತೆ ಇರುವ ಜಾಗ ಕಿವಿಗೆ ಅತಿ ಕೆಟ್ಟದ್ದು. ಇಂಥ ಹೊತ್ತಿನಲ್ಲಿ ಫ್ರೀಕ್ವೆನ್ಸಿ ಹುಡುಕುತ್ತಾ ಕೂರಬಾರದು, ಗೋಡೆಯನ್ನೇ ಸರಿಸಬೇಕು.

ಸರಿಸುವುದು ಸುಲಭ. ಒಂದು ಗೇಟ್ ಡ್ರೈವರ್ ಚಿಪ್ ಹಾಕಿ. ನಾನು ಹಾಕಿದ್ದು ಟಿಸಿ4420, 6 ಆಂಪ್ಸ್‌ವರೆಗೆ ತಳ್ಳುವ ತಾಕತ್ತು. ಅದಕ್ಕೆ 12 ವೋಲ್ಟ್ ಸಪ್ಲೈ ಕೊಟ್ಟು, ಗೇಟಿಗೆ 220 ತೆಗೆದು 10 ಓಮ್ ಹಾಕಿದೆ. ದಾಟುವ ಹೊತ್ತು ಎರಡೂ ಸೇರಿ 0.2 ಮೈಕ್ರೊಸೆಕೆಂಡಿಗೆ ಇಳಿಯಿತು. ಸುತ್ತಿಗೆ 19 ಮೈಕ್ರೊಜೌಲ್. ಮೇಲಿನ ಗೋಡೆ 100 ಕಿಲೋಹರ್ಟ್ಸ್ ಆಚೆ ಹಾರಿಹೋಯಿತು. ಈಗ 20 ಇಟ್ಟರೆ ಸ್ವಿಚಿಂಗ್ ನಷ್ಟ 0.4 ವ್ಯಾಟ್. ಡ್ರೈವರ್ ಹಾಕದೆ ಫ್ರೀಕ್ವೆನ್ಸಿ ಏರಿಸಬೇಡಿ ಅಂತ ನನ್ನ ಹತ್ತಿರ ಬರುವ ಹುಡುಗರಿಗೆಲ್ಲ ಹೇಳುವುದು ಇದಕ್ಕೇ.

ಹಾಗಂತ 100ಕ್ಕೆ ಏರಿಸಬೇಡಿ. 20 ದಾಟಿದ ಮೇಲೆ ಮೋಟರಿಗೆ ಸಿಗುವ ಲಾಭ ಏನೂ ಇಲ್ಲ, ಬಿಸಿ ಮತ್ತು ರೇಡಿಯೊದ ಗರಗರ ಮಾತ್ರ ಬೆಳೆಯುತ್ತದೆ.

ಊನೊದಲ್ಲಿ ಸರಿಯಾಗಿ 20 ಬೇಕಾದರೆ ಟೈಮರ್ 1ನ್ನು ಫೇಸ್ ಕರೆಕ್ಟ್ ಮೋಡಿಗೆ ಹಾಕಿ, ಪ್ರೀಸ್ಕೇಲರ್ ಒಂದು ಇಟ್ಟು, ಐಸಿಆರ್1 ರಿಜಿಸ್ಟರಿಗೆ 400 ಬರೆಯಿರಿ. 16 ಮೆಗಾಹರ್ಟ್ಸನ್ನು 800ರಿಂದ ಭಾಗಿಸಿದರೆ 20 ಕಿಲೋಹರ್ಟ್ಸ್. ಗುಂಡಿಗೆ 400 ಮೆಟ್ಟಿಲೂ ಸಿಗುತ್ತವೆ, ಮೊದಲು 255 ಇತ್ತು. 9 ಮತ್ತು 10ನೇ ಪಿನ್ ಮಾತ್ರ ಬಳಸಿ. 5 ಮತ್ತು 6ರ ಟೈಮರಿಗೆ ಕೈ ಹಾಕಿದರೆ ಡಿಲೇ, ಮಿಲ್ಲಿಸ್ ಎಲ್ಲ ತಪ್ಪು ಟೈಮ್ ಹೇಳಲು ಶುರು ಮಾಡುತ್ತವೆ.

ಡಯೋಡ್ ಮರೆಯಬೇಡಿ. ಈ ಸರ್ಕ್ಯೂಟಿನಲ್ಲಿ ಮೋಟರಿಗೆ ಅಡ್ಡ ಇದ್ದದ್ದು 1ಎನ್4007. ಅದು 1 ಆಂಪಿನ ಡಯೋಡು, ಅದರ ಮೇಲೆ ಸೋಂಬೇರಿ. ಮುಚ್ಚಿಕೊಳ್ಳಲು ಮೈಕ್ರೊಸೆಕೆಂಡುಗಟ್ಟಲೆ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ಮಾಸ್ಫೆಟ್ಟಿಗೆ ಅದು ನೇರ ಶಾರ್ಟ್ ಇದ್ದ ಹಾಗೆ. 490ರಲ್ಲಿ ಈ ಪಾಪ ಕಾಣುವುದಿಲ್ಲ, 20 ಸಾವಿರದಲ್ಲಿ ಕಾಣುತ್ತದೆ. ಬೇಗ ಮುಚ್ಚಿಕೊಳ್ಳುವ ಷಾಟ್ಕಿ ಡಯೋಡ್ ಹಾಕಿ, ಎಂಬಿಆರ್20100 ಥರದ್ದು. ಮಾಸ್ಫೆಟ್ ಪಕ್ಕದಲ್ಲೇ ಲೋ ಇಎಸ್‌ಆರ್ ಕೆಪಾಸಿಟರ್ 1000 ಮೈಕ್ರೊಫ್ಯಾರಡ್ ಒಂದು ಇರಲಿ, ಬ್ಯಾಟರಿ ವೈರ್ ಉದ್ದ ಇದ್ದರಂತೂ ಬೇಕೇ ಬೇಕು. ಊನೊಗೂ ಡ್ರೈವರಿಗೂ ನಡುವೆ ಆಪ್ಟೊ (ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಚಿಪ್) ಹಾಕುವವರು ಪಿಸಿ817 ಹಾಕಬೇಡಿ, ಅದು 20 ಕಿಲೋಹರ್ಟ್ಸ್‌ನ ಅಂಚುಗಳನ್ನು ಬೆಣ್ಣೆಯ ಹಾಗೆ ಕರಗಿಸುತ್ತದೆ. 6ಎನ್137 ನಡೆಯುತ್ತದೆ.

ಎಲ್ಲ ಆದ ಮೇಲೆ ಅರ್ಧ ಡ್ಯೂಟಿಯಲ್ಲಿ, ನಿಜವಾದ ಭಾರ ಹಾಕಿ, ಹತ್ತು ನಿಮಿಷ ಓಡಿಸಿ. ಬಿಸಿ ಎಲ್ಲಿ ಕೂತಿದೆ ನೋಡಿ. ಮೋಟರ್ ಸುಡುತ್ತಿದೆ, ಮಾಸ್ಫೆಟ್ ತಣ್ಣಗಿದೆ ಅಂದರೆ ಫ್ರೀಕ್ವೆನ್ಸಿ ಕಡಿಮೆ ಆಗಿರಬಹುದು. ಮಾಸ್ಫೆಟ್ ಸುಡುತ್ತಿದೆ, ಮೋಟರ್ ಹಿತವಾಗಿದೆ ಅಂದರೆ ಫ್ರೀಕ್ವೆನ್ಸಿ ಜಾಸ್ತಿ ಅಥವಾ ಗೇಟ್ ನಿಧಾನ. ಡಯೋಡ್ ಒಂದೇ ಸುಡುತ್ತಿದ್ದರೆ ಅದನ್ನು ಬದಲಿಸಿ. ಬೆರಳು ಬೇಡ, ಥರ್ಮಾಮೀಟರ್ ಬಳಸಿ. ನನ್ನ ತೋರುಬೆರಳಿನ ತುದಿಯಲ್ಲಿ ಮಾಸ್ಫೆಟ್ಟಿನ ಟಿಒ-220 ಕವಚದ ಅಚ್ಚು ಒಂದು ಇದೆ.

ಗಿರಣಿ, ಪಂಪಿನವರೂ ಇದನ್ನೇ ಕೇಳುತ್ತಾರೆ, ಆದ್ದರಿಂದ ನಾಲ್ಕು ಮಾತು. ಅವರ ಎಸಿ ಮೋಟರಿನ ಸ್ಪೀಡ್ ಬದಲಿಸುವ ಡ್ರೈವಿಗೆ ವಿಎಫ್‌ಡಿ ಅನ್ನುತ್ತಾರೆ. ವಿಎಫ್‌ಡಿಯಲ್ಲಿ ಎರಡು ಫ್ರೀಕ್ವೆನ್ಸಿ ಇವೆ. ಮೋಟರಿನ ಸ್ಪೀಡ್ ಹೇಳುವುದು 0ರಿಂದ 50 ಹರ್ಟ್ಸ್‌ನದು. ನಾವು ಮಾತಾಡುತ್ತಿರುವುದು ಕ್ಯಾರಿಯರ್ ಫ್ರೀಕ್ವೆನ್ಸಿ, ಬಹಳ ಡ್ರೈವುಗಳಲ್ಲಿ 2ರಿಂದ 16 ಕಿಲೋಹರ್ಟ್ಸ್ ಒಳಗೆ ಇಡಬಹುದು. ಅಲ್ಲೂ ಅದೇ ಎರಡು ಗೋಡೆ, ಆದರೆ ಸ್ವಿಚ್ಚು ಐಜಿಬಿಟಿ (ಹೆಚ್ಚು ವೋಲ್ಟೇಜು ತಡೆಯುವ, ಆದರೆ ನಿಧಾನದ ಸ್ವಿಚ್ಚು), ವೋಲ್ಟೇಜು 500-600, ಹಾಗಾಗಿ ಮೇಲಿನ ಗೋಡೆ ತುಂಬಾ ಕೆಳಗೆ ಬರುತ್ತದೆ. ಗಿರಣಿಯಲ್ಲಿ ಕಲ್ಲಿನ ಸದ್ದೇ ಅಷ್ಟಿರುವಾಗ ಮೋಟರಿನ ಕೀಚಲು ಯಾರಿಗೆ ಕೇಳುತ್ತದೆ? 4 ಇಡಿ, ಸುಮ್ಮನಿರಿ. 12ಕ್ಕೆ ಏರಿಸಿದರೆ ಡ್ರೈವ್ ಕೊಡುವ ಕರೆಂಟನ್ನೇ ಕಡಿಮೆ ಹಿಡಿಯಬೇಕಾಗುತ್ತದೆ, ಮ್ಯಾನ್ಯುವಲಿನಲ್ಲಿ ಅದರ ಪಟ್ಟಿ ಇರುತ್ತದೆ. ಬೋರ್‌ವೆಲ್ ಪಂಪಿಗಂತೂ ಇನ್ನೂ ಹುಷಾರು. ನೂರು ಮೀಟರ್ ಕೇಬಲ್ ಅಂದರೆ ಅದೇ ಒಂದು ಕೆಪಾಸಿಟರ್. ಪ್ರತಿ ಸಲ ಸ್ವಿಚ್ ಆದಾಗಲೂ ಅದರ ಮೂಲಕ ಭೂಮಿಗೆ ಒಂದಿಷ್ಟು ಕರೆಂಟು ಸೋರುತ್ತದೆ. ಕ್ಯಾರಿಯರ್ ಏರಿಸಿದಷ್ಟೂ ಸೋರುವುದು ಜಾಸ್ತಿ, ಸೋರಿಕೆ ಕಂಡರೆ ಲೈನ್ ಕಡಿಯುವ ಇಎಲ್‌ಸಿಬಿ ಬೀಳುವುದೂ ಜಾಸ್ತಿ. ಅಲ್ಲಿ 2 ಇಟ್ಟು ಫಿಲ್ಟರ್ ಹಾಕುವುದು ವಾಸಿ. ಸೈನ್ ಫಿಲ್ಟರ್ ಆದರೆ ಮಾತ್ರ ಅದರ ಮೇಲೆ ಬರೆದ ಕನಿಷ್ಠ ಫ್ರೀಕ್ವೆನ್ಸಿಗಿಂತ ಕೆಳಗೆ ಹೋಗಬಾರದು. ಇನ್ನೂ ದೊಡ್ಡದಕ್ಕೆ ಹೋದರೆ ರೈಲು. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ತ್ರೀ-ಫೇಸ್ ಇಂಜಿನ್ ಹೊರಡುವಾಗ ರಾಗ ಎಳೆಯುತ್ತದಲ್ಲ, ಅಷ್ಟು ದೊಡ್ಡ ಕರೆಂಟನ್ನು ವೇಗವಾಗಿ ಕಡಿಯಲು ಆಗದೆ ನಮ್ಮ ಕಿವಿಗೆ ಕೇಳುವಷ್ಟು ನಿಧಾನಕ್ಕೆ ಕಡಿಯುವುದರಿಂದ ಬರುವ ರಾಗ ಅದು.

ತಿಗರಿ 20 ಕಿಲೋಹರ್ಟ್ಸ್‌ನಲ್ಲಿ ಮನೆಗೆ ಹೋಯಿತು. ಹತ್ತು ನಿಮಿಷದ ಪರೀಕ್ಷೆಯಲ್ಲಿ ಮಾಸ್ಫೆಟ್ ಉಗುರುಬೆಚ್ಚಗೆ ಇತ್ತು. ಹಿರಿಯರು ಮಣ್ಣಿಗೆ ಎರಡೂ ಕೈ ಒತ್ತಿ ನೋಡಿದರು, ಸ್ಪೀಡು ಬೀಳಲಿಲ್ಲ. ಮೊಮ್ಮಗಳು ಕಿವಿಯಿಂದ ಕೈ ತೆಗೆದಳು. ವಾರ ಬಿಟ್ಟು ಫೋನ್ ಬಂತು.

"ಮೋಟರ್ ಭಾಳ ಚಲೋ ಆಗೇತ್ರಿ. ಆದ್ರ ಈಗ ಬೆಲ್ಟಿನ ಸಪ್ಪಳ ಕೇಳಾಕತ್ತೈತಿ. ಅದೇನು ಮೊದಲ ಇತ್ತೋ, ನೀವು ಮಾಡಿದ್ರೋ?"